ಐದನೇ ಸುತ್ತಿಗೆ ಸಿಕ್ಕ ಗಂಜಿ

ತೊಂಬತ್ತರ ದಶಕದ ಕೊನೆಯಲ್ಲಿ ಗರ್ಭಕೋಶದ ಗಡ್ಡೆ ತೆಗೆಸಿಕೊಂಡು ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಮಲಗಿದ್ದೆ. ಆಪರೇಷನ್ ಆಗಿ ಎರಡನೇ ದಿನ. ಹೊಟ್ಟೆ ತಮಟೆಯಂತೆ ಬಿಗಿದಿತ್ತು, ಆದರೂ ಹಸಿವು. ಗ್ಯಾಸ್ ಹೋಗುವವರೆಗೆ ಗಂಜಿಯೂ ಇಲ್ಲ ಅನ್ನುವುದು ಅಲ್ಲಿಯ ನಿಯಮ. ಸಿಸ್ಟರ್ ವಾರ್ಡಿನ ಬಾಗಿಲಲ್ಲೇ ನಿಂತು, "ಟೀಚರ್, ಗ್ಯಾಸ್ ಹೋಯ್ತಾ?" ಎಂದು ಕೂಗಿ ಕೇಳೋರು. ಹದಿನೈದು ವರ್ಷ ಮಕ್ಕಳಿಗೆ ಜೀರ್ಣಾಂಗದ ಪಾಠ ಮಾಡಿದ ನಾನು ಮುಸುಕೆಳೆದುಕೊಳ್ಳುತ್ತಿದ್ದೆ. ನಡೆದಾಡಿ ಎಂದರೆ ಹೊಲಿಗೆ ಬಿಚ್ಚೀತೆಂಬ ಭಯ.

ಪಕ್ಕದ ಮಂಚದಲ್ಲಿದ್ದ ಸೊಸೆಯನ್ನು ನೋಡಿಕೊಳ್ಳಲು ಧರ್ಮಪುರದ ಕಡೆಯಿಂದ ಕುರಿ ಕಾಯುವ ಅಜ್ಜಿಯೊಬ್ಬಳು ಬಂದಿದ್ದಳು. ಎದ್ದು ಬಂದು ನನ್ನ ಹೊಟ್ಟೆಯನ್ನು ಕಣ್ಣಲ್ಲೇ ಅಳೆದಳು.

"ಏಳ್ರಿ ಟೀಚರಮ್ಮ. ಕುರಿಗೆ ಹೊಟ್ಟೆ ಉಬ್ಬರ ಬಂದ್ರೆ ನಾವು ಮಲಗಾಕೆ ಬಿಡಾದಿಲ್ಲ, ನಡೆಸ್ತೀವಿ."

"ನಾನೇನು ಕುರಿನಾ ಅಜ್ಜಿ?"

"ಹೊಟ್ಟೆಗೆ ಅದೆಲ್ಲಾ ಗೊತ್ತಾಗಾದಿಲ್ಲ, ಬರ್ರಿ."

ಸಿಸ್ಟರ್ ನಗುತ್ತಾ ಒಪ್ಪಿದರು. ಅಜ್ಜಿ ನನ್ನ ಕೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು, ನಾನು ನಿಂತಾಗ ನಿಂತು, ನರಳಿದಾಗ ಕಾದು, ವರಾಂಡದಲ್ಲಿ ನಾಲ್ಕು ಸುತ್ತು ಹಾಕಿಸಿದಳು. ಅಂಥ ತಾಳ್ಮೆ ನಾನು ಯಾವ ಮೇಷ್ಟರಲ್ಲೂ ಕಂಡಿಲ್ಲ, ನನ್ನಲ್ಲಂತೂ ಇಲ್ಲವೇ ಇಲ್ಲ. ಐದನೇ ಸುತ್ತಿನಲ್ಲಿ, ಸರಿಯಾಗಿ ಡಾಕ್ಟರು ಎದುರಿಗೆ ಬರುವಾಗ, ಆಗಬೇಕಾದ್ದು ಆಯಿತು. ಸದ್ದು ಸಣ್ಣದೇನಲ್ಲ. ನಾನು ಗೋಡೆಗೆ ಮುಖ ಮಾಡಿದೆ. ಅಜ್ಜಿ ಒಳಕ್ಕೆ ಕೂಗಿದಳು: "ಸಿಸ್ಟ್ರೇ, ಗಂಜಿ ತರ್ರಿ!"

ಬಿಸಿ ಗಂಜಿ ಕುಡಿಯುತ್ತಾ ಕೇಳಿದೆ: "ಕುರಿಗೂ ಇಷ್ಟು ಹೊತ್ತು ಬೇಕಾ ಅಜ್ಜಿ?"

"ಇಲ್ಲ ತಾಯಿ. ಅವಕ್ಕೆ ನಾಚ್ಕೆ ಇರಾದಿಲ್ಲ, ಬೇಗ ಆಗ್ತೈತೆ."

ಜೀರ್ಣಾಂಗದ ಪಾಠಕ್ಕೆ ಈ ಒಂದು ಸಾಲು ಸೇರಿಸುವ ಧೈರ್ಯ ಮಾತ್ರ ನನಗೆ ರಿಟೈರ್ ಆಗುವವರೆಗೂ ಬರಲಿಲ್ಲ.