ದೀಪ ಆರಿಸಿದರೂ ತಿರುಗುತ್ತಿದ್ದ ಮೀಟರು

1984ರ ಮಳೆಗಾಲ. ನವಲಗುಂದ ತಾಲೂಕಿನ ಒಂದು ದೊಡ್ಡ ಊರಿನಲ್ಲಿ ನಾನು ವಿದ್ಯುತ್ ಮಂಡಳಿಯ ಮೀಟರ್ ರೀಡರ್ ಆಗಿದ್ದೆ. ಊರಿನ ಹೆಸರು ಬೇಡ. ಆಗ ನನಗೆ ಇಪ್ಪತ್ತಾರು ವರ್ಷ. ಮನೆಮನೆಗೆ ಹೋಗಿ ಮೀಟರಿನ ಅಂಕಿ ಬರೆದುಕೊಂಡು ಬರುವುದು ನನ್ನ ಕೆಲಸ.

ಆ ವರ್ಷ ಶ್ರಾವಣದ ಹೊತ್ತಿಗೆ ಒಬ್ಬ ಹೆಣ್ಣುಮಗಳು ಬಿಲ್ಲು ಹಿಡಿದುಕೊಂಡು ಆಫೀಸಿಗೆ ಬಂದರು. ಅವರನ್ನು ಶಾಂತಕ್ಕ ಎಂದು ಕರೆಯುತ್ತೇನೆ. ಗಂಡ ಈರಪ್ಪನವರು ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರು. ಮಕ್ಕಳಿರಲಿಲ್ಲ. ಒಂದೇ ಕಟ್ಟಡದಲ್ಲಿದ್ದ ನಾಲ್ಕು ಬಾಡಿಗೆ ಮನೆಗಳಲ್ಲಿ ಕೊನೆಯದು ಅವರದು.

"ಮನಿಯಾಗ ಇರೂದ ಎರಡ ಬಲ್ಬ್, ಒಂದ ರೇಡಿಯೋ ರೀ. ಬಿಲ್ ನಾಕ್ ಪಟ್ಟ ಬಂದೈತಿ. ಇದ ಹೆಂಗರೀ?" ಎಂದು ಕೇಳಿದರು.

ನಮ್ಮ ಹಿರಿಯ ಗುಮಾಸ್ತರು ತಲೆಯೆತ್ತದೆ, "ಉರಿಸಿದ್ದಕ್ಕ ಬಂದಿರತೈತ್ರಿ ಬಾಯಾರ, ತುಂಬ್ರಿ" ಎಂದರು. ಶಾಂತಕ್ಕ ಬಿಲ್ಲು ತುಂಬಿ ಹೋದರು.

ಮುಂದಿನ ತಿಂಗಳ ಬಿಲ್ಲು ಇನ್ನೂ ಹೆಚ್ಚಾಯಿತು. ಮತ್ತೆ ಬಂದರು. ಈ ಸಲ ಮುಖ ಬಾಡಿತ್ತು. "ದಿನಾ ರೇಡಿಯೋ ಹಚಗೊಂಡು ಕುಂದರತಿ ಅಂತ ನಮ್ಮನಿಯವರು ಬೈತಾರ್ರಿ. ರೇಡಿಯೋ ಮುಟ್ಟಿ ತಿಂಗಳಾತು. ಬಲ್ಬೂ ಹಚ್ಚೂದ ಬಿಟ್ಟು ಕಂದೀಲಿನ ಬೆಳಕಿನಾಗ ಅಡಗಿ ಮಾಡತೀನಿ. ಒಮ್ಮಿ ಬಂದು ನೋಡ್ರಿ ಅಣ್ಣಾರ" ಎಂದು ನನ್ನ ಕಡೆ ತಿರುಗಿ ಹೇಳಿದರು. ಅವರ ಕಾಟ ತಪ್ಪಲಿ ಎಂದು ಒಪ್ಪಿಕೊಂಡೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಹೋದೆ. ಮಳೆ ಆಗತಾನೇ ನಿಂತಿತ್ತು. ಶಾಂತಕ್ಕ ನನ್ನನ್ನು ಮೀಟರಿನ ಮುಂದೆ ನಿಲ್ಲಿಸಿ ಒಂದೊಂದೇ ಸ್ವಿಚ್ಚು ಆರಿಸಿ ತೋರಿಸಿದರು. ರೇಡಿಯೋದ ವೈರು ಕೂಡ ಕಿತ್ತಿಟ್ಟಿದ್ದರು. ಆದರೂ ಮೀಟರಿನೊಳಗಿನ ಚಕ್ರ ನಿಲ್ಲದೆ ತಿರುಗುತ್ತಿತ್ತು.

"ನೋಡಿದ್ರ? ಎಲ್ಲಾ ಬಂದ್ ಮಾಡಿದ್ರೂ ತಿರಗತೈತಿ. ಇನ್ನೊಂದ ಮಾತ್ರಿ. ಹಿತ್ತಲದಾಗ ಅರಿವಿ ಹಾಕೂ ತಂತಿ ಮುಟ್ಟಿದ್ರ ಕೈ ಜುಮ್ ಅಂತೈತಿ. ನಮ್ಮನಿಯವರಿಗೆ ಹೇಳಿದ್ರ ನಗತಾರ. ಎರಡೂ ಒಂದ ಅಂತ ನನಗ ಅನಸತೈತ್ರಿ."

ಎರಡೂ ಒಂದೇ. ನನಗೆ ತಕ್ಷಣ ಗೊತ್ತಾಯಿತು. ಎಲ್ಲೋ ವೈರು ಸವೆದು ಕರೆಂಟು ಸೋರಿ ನೆಲಕ್ಕೆ ಹೋಗುತ್ತಿತ್ತು. ಓದುಬರಹ ಅಷ್ಟಾಗಿ ಬಾರದ ಆ ಹೆಣ್ಣುಮಗಳು ಅದನ್ನು ತಾನೇ ಯೋಚಿಸಿ ಹಿಡಿದಿದ್ದರು.

ಫ್ಯೂಸು ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಕಿತ್ತು ಕಿಸೆಗೆ ಹಾಕಿಕೊಂಡಿದ್ದರೆ ಮುಗಿದಿತ್ತು. ಆದರೆ ಕಿತ್ತರೆ ಆಫೀಸಿನ ಸಾಹೇಬರಿಗೆ ಕಾರಣ ಬರೆದು ಕೊಡಬೇಕು, ಈರಪ್ಪನವರು ಬಂದು ಜಗಳ ತೆಗೆಯುತ್ತಾರೆ. ನಾಲ್ಕು ಗಂಟೆಗೆ ತಿರ್ಲಾಪುರದ ಬಸ್ಸು ಹಿಡಿಯಬೇಕಿತ್ತು, ಅಲ್ಲಿನ ಮೀಟರುಗಳು ಬಾಕಿ ಇದ್ದವು. ಮೀಟರಿನಿಂದ ಆಚೆಗಿನ ವೈರಿಂಗು ನಮ್ಮ ಜವಾಬ್ದಾರಿಯೂ ಅಲ್ಲ.

"ಮನಿ ವೈರಿಂಗ್ ಕೆಟ್ಟೈತ್ರಿ ಅಕ್ಕಾರ. ಮಾಲಕರಿಗೆ ಹೇಳಿ ವೈರಮನ್ ಕರಸ್ರಿ. ಅಲ್ಲೀಮಟ ಆ ತಂತಿ ಮುಟ್ಟಬ್ಯಾಡ್ರಿ" ಎಂದು ಹೇಳಿ ಬಸ್ಸಿಗೆ ಓಡಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಆಫೀಸಿನ ಬಾಗಿಲು ತೆರೆಯುತ್ತಿದ್ದೆ. ಆ ಓಣಿಯ ಒಬ್ಬರು ಕೂಗುತ್ತ ಓಡಿ ಬಂದರು. "ಈರಪ್ಪಗ ಕರೆಂಟ್ ಹಿಡದೈತಿ, ಲಗೂನ ಬರ್ರಿ!"

ಹೇಗೆ ಓಡಿದೆನೋ ತಿಳಿಯದು. ಈರಪ್ಪನವರು ಸ್ನಾನ ಮಾಡಿ ಬರಿಗಾಲಲ್ಲಿ ಹಿತ್ತಲಿಗೆ ಬಂದು ಒದ್ದೆ ಟವೆಲ್ಲನ್ನು ಆ ತಂತಿಗೆ ಹಾಕಿದ್ದರು. ಅಕ್ಕಪಕ್ಕದವರು ಕೋಲಿನಿಂದ ಹೊಡೆದು ಅವರನ್ನು ಬಿಡಿಸಿ ಕಟ್ಟೆಯ ಮೇಲೆ ಮಲಗಿಸಿದ್ದರು. ಉಸಿರಿರಲಿಲ್ಲ. ಮೇನ್ ಸ್ವಿಚ್ ಆರಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ನಾನು ಒಳಗೆ ಹೋಗಿ ಫ್ಯೂಸನ್ನು ಕಿತ್ತೆ. ಚಕ್ರ ನಿಂತಿತು. ಫ್ಯೂಸು ಕೈಜಾರಿ ಕೆಳಗೆ ಬಿದ್ದು ಒಡೆಯಿತು.

ಆಮೇಲೆ ಎಲ್ಲರೂ ಸೇರಿ ನೋಡಿದೆವು. ಬಚ್ಚಲಿನ ತಗಡಿನ ಮೇಲೆ ಹಾದು ಹೋಗಿದ್ದ ವೈರು ತಗಡಿನ ಅಂಚಿಗೆ ಉಜ್ಜಿ ಸವೆದಿತ್ತು. ತಗಡನ್ನು ಹೊತ್ತಿದ್ದ ಕಬ್ಬಿಣದ ಕಂಬಕ್ಕೇ ಅರಿವೆಯ ತಂತಿ ಬಿಗಿದಿದ್ದರು. ಕಂಬದ ಬುಡದಲ್ಲಿ ಎರೆಮಣ್ಣು ಮಳೆಗೆ ನೆನೆದಿತ್ತು. ಹಗಲೂ ರಾತ್ರಿ ಕರೆಂಟು ಆ ಮಣ್ಣಿಗೆ ಇಳಿದಿತ್ತು. ಅಷ್ಟು ಬಿಲ್ಲು ಬಂದದ್ದು ಅದಕ್ಕೆ.

ನಮ್ಮ ಆಫೀಸಿನಲ್ಲಿ ವಿಚಾರಣೆ ನಡೆಯಿತು. ಮನೆಯ ಒಳಗಿನ ದೋಷ, ವೈರಮನ್ ಕರೆಸಲು ತಿಳಿಸಿದ್ದೆ ಎಂದು ಬರೆದು ಕೊಟ್ಟೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸಾಹೇಬರು ಶಾಂತಕ್ಕನನ್ನು ಕೇಳಿದಾಗ ಅವರು, "ಹೌದ್ರಿ, ಹೇಳಿದ್ರು. ತಂತಿ ಮುಟ್ಟಬ್ಯಾಡ್ರಿ ಅಂತನೂ ಹೇಳಿದ್ರು. ನಮ್ಮನಿಯವರು ಕೇಳಲಿಲ್ರಿ" ಎಂದರು. ನಾನು ತಪ್ಪಿತಸ್ಥನಲ್ಲ ಎಂದಾಯಿತು.

ಹೊರಗೆ ಮೆಟ್ಟಿಲ ಹತ್ತಿರ ಅವರು ನನಗಾಗಿ ನಿಂತಿದ್ದರು.

"ಅಣ್ಣಾರ, ಅವತ್ತ ಚಕ್ರ ತಿರಗೂದ ನೋಡಿದ ಕೂಡಲೇ ನಿಮಗ ಗೊತ್ತಾಗಿತ್ತಲ್ರಿ?"

"ಗೊತ್ತಾಗಿತ್ತು" ಎಂದೆ.

"ನೀವು ತಡಾ ಮಾಡದ ಹೊಂಟ್ರಿ. ಅಂಥಾದ್ದೇನಿಲ್ಲ ಅಂತ ನಾನೂ ಧೈರ್ಯ ತಗೊಂಡಿನ್ರಿ" ಎಂದು ಸೆರಗು ಎಳೆದುಕೊಂಡು ಹೋದರು.

ಇಷ್ಟು ವರ್ಷಗಳ ಮೇಲೂ ಆ ಮಾತು ನನ್ನನ್ನು ಬಿಟ್ಟಿಲ್ಲ. ಮುಂದೆ ಎಷ್ಟೋ ಮನೆಗಳಲ್ಲಿ ಸಂಶಯ ಬಂದ ಕೂಡಲೇ ಕರೆಂಟು ಕಡಿದಿದ್ದೇನೆ, ಬೈಸಿಕೊಂಡಿದ್ದೇನೆ. ಮನಸ್ಸು ಹಗುರಾಗಲಿಲ್ಲ. ವರ್ಗವಾಗುವವರೆಗೂ, ಇನ್ನೂ ಎರಡು ವರ್ಷ, ಆ ಮನೆ ನನ್ನ ಪಾಲಿಗೇ ಇತ್ತು. ಶಾಂತಕ್ಕ ಬಾಗಿಲು ತೆರೆದು ಬದಿಗೆ ಸರಿಯುತ್ತಿದ್ದರು. ನಾನು ಅಂಕಿ ಬರೆದುಕೊಂಡು ಹೊರಡುತ್ತಿದ್ದೆ. ಒಮ್ಮೆಯೂ ಕ್ಷಮೆ ಕೇಳಲಿಲ್ಲ. ಕೇಳಿದ್ದರೆ "ಇರಲಿ ಬಿಡ್ರಿ" ಎನ್ನುತ್ತಿದ್ದರು. ಅವರ ಬಾಯಿಂದ ಆ ಮಾತು ಹೇಳಿಸುವ ಹಕ್ಕು ನನಗಿರಲಿಲ್ಲ.