ಪರೀಕ್ಷೆಗೆ ಮಾತ್ರ ಹೊರಡುವ ಕಾರು

ಹೆಡ್ಲಿ ಬರಾಕ್ಲಫ್‌ನ ಕೆಂಪು ಕಾರು ವರ್ಷಕ್ಕೆ ಒಂದೇ ಸಲ ಮನೆಯಿಂದ ಹೊರಡುತ್ತಿತ್ತು. ಹೊರಟರೆ ಯಾರ್ಕ್‌ಶೈರಿನ ಟಾಡ್‌ಮರ್ಡನ್‌ನಿಂದ ಹಾಸ್ ಎಂಬ ಊರಿನವರೆಗೆ, ಅಲ್ಲಿಂದ ವಾಪಸ್ ಮನೆಗೆ. ನಡುವೆ ಎಲ್ಲೂ ನಿಲ್ಲುವಂತಿರಲಿಲ್ಲ, ಎಲ್ಲೂ ತಿರುಗುವಂತಿರಲಿಲ್ಲ.

ಎರಡೇ ಸೀಟು, ಎಂಟು ಸಿಲಿಂಡರು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಅಮ್ಮನ ಮನೆ ಮಾರಿ ತನ್ನ ಪಾಲಿಗೆ ಬಂದದ್ದರಲ್ಲಿ ಹೆಡ್ಲಿ ಅದನ್ನು ಹೊಸದಾಗಿಯೇ ಕೊಂಡಿದ್ದ. ಆಗ ಅವನು ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಸಹಾಯಕ. ಬೀಕರು ತೊಳೆದು, ದ್ರಾವಣಗಳನ್ನು ಕಲಸಿ, ಸೀಸೆಗಳಿಗೆ ಚೀಟಿ ಅಂಟಿಸುವ ಮನುಷ್ಯ ಹೀಗೊಂದು ಕಾರು ತಂದಾನೆಂದು ಬೀದಿಯವರು ಕನಸಿನಲ್ಲೂ ಎಣಿಸಿರಲಿಲ್ಲ.

ಕಾರು ಫೆಬ್ರವರಿಯಲ್ಲೇ ಅಂಗಡಿಗೆ ಬಂದು ನಿಂತಿತ್ತು. ಈಗಲೇ ತರುವುದು ಬೇಡವೆಂದವಳು ಹೆಂಡತಿ ಮಾವಿಸ್. ಆ ದೇಶದಲ್ಲಿ ಮಾರ್ಚ್ ಒಂದಕ್ಕೆ ನಂಬರ್ ಪ್ಲೇಟಿನ ಅಂಕಿ ಬದಲಾಗುತ್ತದೆ. ಪ್ಲೇಟು ನೋಡಿದರೆ ಸಾಕು, ಕಾರು ಯಾವ ವರ್ಷದ್ದೆಂದು ದಾರಿಹೋಕನಿಗೂ ತಿಳಿಯುತ್ತದೆ. "ಇಷ್ಟು ದಿನ ಕಾದಿದೀಯ, ಇನ್ನೊಂದು ಸ್ವಲ್ಪ ಕಾಯಿ. ಹೊಸ ಕಾರಿಗೆ ಹಳೇ ನಂಬರು ಯಾಕೆ?" ಎಂದಳು. ಹಾಗೆಯೇ ಯೋಚಿಸಿದವರು ಊರ ತುಂಬ ಇದ್ದುದರಿಂದ ಮಾರ್ಚಿನಲ್ಲಿ ಅಂಗಡಿಯ ಮುಂದೆ ಸಾಲು. ಇವರ ಸರದಿ ಬಂದದ್ದು ತಿಂಗಳ ಕೊನೆಗೆ.

ಅದೇ ತಿಂಗಳು ಸರ್ಕಾರ ಒಂದು ಗೆರೆ ಎಳೆದಿತ್ತು. ಹೆಚ್ಚು ಹೊಗೆಯುಗುಳುವ ಕಾರು ಇಪ್ಪತ್ಮೂರನೆಯ ತಾರೀಕಿಗಿಂತ ಮೊದಲು ನೋಂದಣಿಯಾಗಿದ್ದರೆ ವರ್ಷವರ್ಷವೂ ಕಟ್ಟುವ ರಸ್ತೆ ತೆರಿಗೆಗೆ ಒಂದು ದರ. ಅಂದಿನಿಂದ ಈಚೆಗಾದರೆ ಅದಕ್ಕಿಂತ ಮೇಲಿನ ದರ. ಹೆಡ್ಲಿಯ ಕಾರು ಗೆರೆಯ ಈಚೆಗೆ ಬಿತ್ತು. ಮೊದಮೊದಲು ಅಂತರ ಗೊತ್ತಾಗುವಂತಿರಲಿಲ್ಲ. ವರ್ಷ ಕಳೆದಂತೆ ತೆರಿಗೆ ಏರುತ್ತ ಹೋಯಿತು, ಅಂತರವೂ ಏರಿತು. ಹೆಡ್ಲಿ ಹೋಗುವ ಬೌಲಿಂಗ್ ಕ್ಲಬ್ಬಿನ ಆರ್ನಲ್ಡ್‌ನ ಹತ್ತಿರ ಅದೇ ಕಾರಿತ್ತು. ಅದೇ ಕಾರ್ಖಾನೆ, ಅದೇ ಎಂಜಿನ್ನು, ಅದೇ ಹೊಗೆ. ಹಳೇ ನಂಬರಾದರೂ ಆಗಲಿ ಎಂದು ಫೆಬ್ರವರಿಯಲ್ಲೇ ಮನೆಗೆ ತಂದಿದ್ದ ಅವನು ಈಗ ಹೆಡ್ಲಿಯ ತೆರಿಗೆಯ ಅರ್ಧಕ್ಕಿಂತ ತುಸು ಹೆಚ್ಚು ಕಟ್ಟುತ್ತಿದ್ದ.

"ನಿನ್ನ ಹೊಸ ನಂಬರಿಗೆ ವರ್ಷಾ ವರ್ಷಾ ಬಾಡಿಗೆ ಕಟ್ತಾ ಇದೀನಿ ನೋಡು," ಎಂದು ಹೆಡ್ಲಿ ಛೇಡಿಸುತ್ತಿದ್ದ.

"ನಂಬರು ಮಾತ್ರ ನಂದು. ಎಂಟು ಸಿಲಿಂಡರು ಬೇಕು ಅಂದೋಳು ನಾನಲ್ಲ," ಎನ್ನುತ್ತಿದ್ದಳು ಮಾವಿಸ್.

ಹೆಡ್ಲಿಗೆ ಈ ತೆರಿಗೆಯ ಮೇಲೆ ಸಿಟ್ಟಿರಲಿಲ್ಲ. ವರ್ಷಗಟ್ಟಲೆ ಮಕ್ಕಳಿಗಾಗಿ ಸುಣ್ಣದ ತಿಳಿನೀರು ಸಿದ್ಧಮಾಡಿದವನು ಅವನು. ಉಸಿರು ಊದಿದರೆ ಆ ನೀರು ಹಾಲಿನಂತಾಗುವುದನ್ನು ಕಂಡವನಿಗೆ, ಗಾಳಿಗೆ ಬಿಟ್ಟದ್ದಕ್ಕೆ ಲೆಕ್ಕ ಇರಬೇಕೆಂಬುದು ಸರಿಯೆಂದೇ ತೋರುತ್ತಿತ್ತು. ಅವನನ್ನು ಕಾಡಿದ್ದು ಬೇರೆ ಪ್ರಶ್ನೆ. ಶೆಡ್ಡಿನಲ್ಲಿ ನಿಂತ ಕಾರು ಎಷ್ಟು ಹೊಗೆ ಬಿಡುತ್ತದೆ? ಹತ್ತು ಮೈಲಿ ಓಡಿದರೂ ಹತ್ತು ಸಾವಿರ ಓಡಿದರೂ ತೆರಿಗೆ ಅಷ್ಟೇ ಯಾಕೆ? ಒಂದು ಸಂಜೆ ಕ್ಲಬ್ಬಿನಲ್ಲಿ ಇದನ್ನೇ ವಾದಿಸುತ್ತ, ಮಾತಿನ ಬಿಸಿಯಲ್ಲಿ, ಇನ್ನು ಒಂದು ಪೆನ್ನಿಯನ್ನೂ ಕಟ್ಟುವುದಿಲ್ಲವೆಂದು ಹತ್ತು ಜನರ ಮುಂದೆ ಹೇಳಿಬಿಟ್ಟ. ಯಾರ್ಕ್‌ಶೈರಿನಲ್ಲಿ ಹಾಗೆ ಹೇಳಿದವನು ಆಮೇಲೆ ಹಿಂದೆ ಸರಿದರೆ, ಅವನ ಸಾವಿನ ಮನೆಯಲ್ಲೂ ಆ ಮಾತು ಏಳುತ್ತದೆ.

ಮರುದಿನವೇ ಕಾರನ್ನು ರಸ್ತೆಗಿಳಿಸುವುದಿಲ್ಲವೆಂದು ಸರ್ಕಾರಕ್ಕೆ ತಿಳಿಸಿದ. ಹಾಗೆ ತಿಳಿಸಿದ ಕಾರಿಗೆ ತೆರಿಗೆಯಿಲ್ಲ, ರಸ್ತೆಯೂ ಇಲ್ಲ. ಒಂದೇ ಒಂದು ರಿಯಾಯಿತಿ: ಮೊದಲೇ ಸಮಯ ಗೊತ್ತುಮಾಡಿಕೊಂಡು, ಗಾಡಿ ಓಡಿಸಲು ಯೋಗ್ಯವೇ ಎಂದು ನೋಡುವ ವಾರ್ಷಿಕ ಪರೀಕ್ಷೆಗೆ ಹೋಗಿ ಬರಬಹುದು. ಹೆಡ್ಲಿ ನಿಯಮವನ್ನು ಎರಡೆರಡು ಸಲ ಓದಿದ. ಪರೀಕ್ಷೆ ಎಷ್ಟು ದೂರದಲ್ಲಿರಬೇಕೆಂದು ಅದರಲ್ಲಿ ಎಲ್ಲೂ ಇರಲಿಲ್ಲ.

ಬೀದಿಯ ತುದಿಯಲ್ಲೇ ಆ ಪರೀಕ್ಷೆ ಮಾಡುವ ಗ್ಯಾರೇಜಿತ್ತು. ಹೆಡ್ಲಿ ಆರಿಸಿದ್ದು ಫ್ಲೀಟ್ ಮಾಸ್ ಕಣಿವೆದಾರಿ ಹತ್ತಿ ಇಳಿದ ಮೇಲೆ ಸಿಗುವ, ಹಾಸ್‌ನ ಜಾನೆಟ್ ಮೆಟ್‌ಕಾಫ್‌ಳ ಗ್ಯಾರೇಜನ್ನು. ಆ ಒಂದು ದಿನಕ್ಕಾಗಿ ವಿಮೆ ಮಾಡಿಸುತ್ತಿದ್ದ, ಟೈರಿನ ಗಾಳಿ ಅಳೆಯುತ್ತಿದ್ದ, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಳ್ಳುತ್ತಿದ್ದ. ಮೇಲಿನ ಬಯಲಿನಲ್ಲಿ ಬಲಗಡೆಗೆ ಒಂದು ಕವಲುದಾರಿ ಬರುತ್ತಿತ್ತು. ಅಲ್ಲಿದ್ದ ಕೈಮರದ ಅಕ್ಷರಗಳು ಮಾಸಿ ಹೋಗಿದ್ದವು. ಕಲ್ಲುಗೋಡೆಗಳ ನಡುವೆ ದಾರಿ ಎರಡು ಸಲ ಬಳುಕಿ ಗುಡ್ಡದ ಮರೆಗೆ ಇಳಿಯುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆ? ಪ್ರತಿ ವರ್ಷ ಅಲ್ಲಿ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಸಡಿಲವಾಗುತ್ತಿತ್ತು. ಆದರೆ ತಿರುಗಿದರೆ ಅದು ಪರೀಕ್ಷೆಯ ದಾರಿಯಲ್ಲ. ಹೆಡ್ಲಿ ತಿರುಗುತ್ತಿರಲಿಲ್ಲ. ನಕಾಶೆ ನೋಡಬಹುದಿತ್ತು, ಮನೆಯ ಚಿಕ್ಕ ಕಾರಿನಲ್ಲಿ ಬಂದೂ ನೋಡಬಹುದಿತ್ತು. ಅದು ನೋಡಿದಂತಾಗುವುದಿಲ್ಲವೆಂಬುದು ಅವನ ವಾದ.

ಮಾವಿಸ್ ಈ ಪ್ರಯಾಣಕ್ಕೆ ಒಮ್ಮೆಯೂ ಬಂದಿರಲಿಲ್ಲ. ಸೊಂಟದ ಕೀಲು ಸವೆದು, ಅಷ್ಟು ತಗ್ಗಿನ ಸೀಟಿನಲ್ಲಿ ಕೂರುವುದು ಅವಳಿಗೆ ಆಗದ ಮಾತಾಗಿತ್ತು. ಈ ಬೇಸಿಗೆಯಲ್ಲಿ ಕೀಲು ಬದಲಿಸಿದರು. ಇನ್ನೆರಡು ವಾರ ತಗ್ಗಿನ ಆಸನ ಬೇಡ, ಆಮೇಲೆ ಅಡ್ಡಿಯಿಲ್ಲ ಎಂದಿದ್ದರು ಡಾಕ್ಟರು. ಅಷ್ಟರಲ್ಲಿ ಹೆಡ್ಲಿ ಕಾರು ಮಾರಲು ಒಪ್ಪಿಕೊಂಡಾಗಿತ್ತು. ನಿಂತೇ ಇರುವ ಕಾರು ಒಳಗೊಳಗೇ ಕೆಡುತ್ತದೆ. ಕೊಳ್ಳುವವನು ತಿಂಗಳ ಕೊನೆಗೆ ಬರುವವನಿದ್ದ. ಅದಕ್ಕೆ ಮೊದಲು ಒಮ್ಮೆ, ಒಂದೇ ಒಮ್ಮೆ, ಮಾವಿಸಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಬೆಟ್ಟ ಹತ್ತಬೇಕೆಂಬುದು ಅವನ ಆಸೆ.

ಕುರಿ ಮಾರಾಟದ ತಿಂಗಳಾದ್ದರಿಂದ ರೈತರ ಗಾಡಿಗಳೇ ತುಂಬಿ, ಜಾನೆಟ್ ಕೊಟ್ಟದ್ದು ಒಂದೇ ತಾರೀಕು. ಅದೂ ಡಾಕ್ಟರು ಹೇಳಿದ್ದಕ್ಕಿಂತ ಮೊದಲಿನದು. ಆದರೆ ಪರೀಕ್ಷೆಯಲ್ಲಿ ಫೇಲಾದ ಗಾಡಿಗೆ ಅವಳು ಹೇಗಾದರೂ ಜಾಗ ಮಾಡಿ ಮರುಪರೀಕ್ಷೆಗೆ ಇನ್ನೊಂದು ತಾರೀಕು ಕೊಡುತ್ತಿದ್ದಳು. ಹೆಡ್ಲಿ ಯೋಚಿಸಿದ. ಬ್ರೇಕು, ದೀಪ ಮುಟ್ಟುವುದು ಅಪಾಯ. ಗಾಜು ತೊಳೆಯುವ ನೀರಿನ ಡಬ್ಬಿ ಖಾಲಿಯಿದ್ದರೂ ಫೇಲೇ. ಹೊರಡುವ ಬೆಳಗ್ಗೆ, ಅಳತೆಯ ಪಿಪೆಟ್ಟು ಹಿಡಿದಿದ್ದ ಅದೇ ಕೈಗಳಿಂದ, ಅದನ್ನು ಹನಿ ಉಳಿಯದಂತೆ ಬರಿದು ಮಾಡಿದ.

ಹಾಸ್ ತಲುಪಿದಾಗ ಜಾನೆಟ್ ಬಾನೆಟ್ ಎತ್ತಿ ನೋಡಿದಳು.

"ಏನ್ ಮಾರಾಯ್ರೆ, ನಿಮ್ ಕಾರಲ್ಲಿ ನೀರಿಲ್ವಾ? ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?" ಎಂದವಳೇ ಮೂಲೆಯ ಕ್ಯಾನ್ ಎತ್ತಿ ಡಬ್ಬಿ ತುಂಬಿಸಿಬಿಟ್ಟಳು.

ಹಿಂದಿನ ಕೊಳವೆಗೆ ಸಲಾಕೆ ತೂರಿಸಿ ಹೊಗೆ ಅಳೆದಳು. ತೆರಿಗೆ ನಿಂತಿರುವುದು ಕಾರ್ಬನ್ ಡೈಆಕ್ಸೈಡಿನ ಮೇಲೆ. ಅದು ಕಾರು ಹುಟ್ಟುವಾಗಲೇ ಬರೆದಿಟ್ಟ ಅಂಕಿ. ಇಲ್ಲಿ ತೂಗಿ ನೋಡುವುದು ಮಾನಾಕ್ಸೈಡನ್ನು. ಹೆಡ್ಲಿಗೆ ಪ್ರತಿ ವರ್ಷ ಇದು ಹೊಸ ಸೋಜಿಗ.

"ನಿಮ್ ಕಾರಿನ ಉಸಿರು ನನ್ನ ಗಂಡನ್ ಉಸಿರಿಗಿಂತ ಚೊಕ್ಕ ಇದೆ," ಎಂದಳು ಜಾನೆಟ್.

"ಅಂದ್ರೆ ಪಾಸಾ?" ಹೆಡ್ಲಿಯ ದನಿ ಇಳಿದಿತ್ತು.

"ಮುಖ ಯಾಕೆ ಹಾಗ್ಮಾಡ್ತೀರಿ? ಪಾಸ್ ಆಗ್ಲಿ ಅಂತ ಹರಕೆ ಹೊತ್ಕೊಂಡು ಬರ್ತಾರೆ ಜನ."

ಹೆಡ್ಲಿ ನಿಜವನ್ನು ಹೇಳಿದ: ಸೊಂಟ, ಡಾಕ್ಟರು, ಕೊಳ್ಳುವವನು, ಡಬ್ಬಿ, ಎಲ್ಲ. ಜಾನೆಟ್ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದಳು.

"ನೋಡಿ ಹೆಡ್ಲಿ, ಇಲ್ಲದ ತಪ್ಪು ಬರೆಯೋದು ನನ್ನಿಂದಾಗಲ್ಲ. ಇದ್ದರೆ ಬಿಡೋದೂ ಇಲ್ಲ."

"ನಾನು ಹಾಗೆ ಕೇಳ್ಲಿಲ್ಲ ಕಣಮ್ಮ."

"ಕೇಳ್ಲಿಲ್ಲ, ಸರಿ. ಮುಖ ಕೇಳ್ತು."

ಅವಳು ಎಡಗಡೆಯ ಬಾಗಿಲು ತೆರೆದು ಸೀಟು ಬೆಲ್ಟನ್ನು ಎಳೆದಳು. ಗೇಣುದ್ದ ಬಂದದ್ದು ಅಲ್ಲೇ ನಿಂತಿತು. ಮತ್ತೆ ಎಳೆದಳು. ಒಳಗಿನ ಸುರುಳಿ ಬೂಷ್ಟು ಹಿಡಿದು ಕಚ್ಚಿಕೊಂಡಿತ್ತು.

"ಈ ಸೀಟಲ್ಲಿ ಕೊನೇಲಿ ಕೂತವರು ಯಾರು?"

ಹೆಡ್ಲಿಗೆ ಕೂಡಲೇ ನೆನಪಾಗಲಿಲ್ಲ. "ಮಾವಿಸೇ. ಸೊಂಟ ಕೈಕೊಡೋಕೆ ಮುಂಚೆ."

"ಹಾಗಿದ್ರೆ ಫೇಲು. ಬೆಲ್ಟು ತರಿಸ್ತೀನಿ. ಮುಂದಿನ ವಾರದಾಚೆ ಗುರುವಾರ ಬನ್ನಿ." ಹೆಡ್ಲಿಯ ಮುಖ ಅರಳಿದ್ದನ್ನು ನೋಡಿ ಕೈ ಎತ್ತಿದಳು. "ತಾಳಿ. ಬೆಲ್ಟಿಲ್ಲದ ಸೀಟಲ್ಲಿ ಅವರನ್ನ ಕೂರಿಸ್ಕೊಂಡು ಮಾತ್ರ ಬರಬೇಡಿ."

ದಾರಿಯುದ್ದಕ್ಕೂ ಹೆಡ್ಲಿಗೆ ಅದೇ ಯೋಚನೆ. ಎರಡನೆಯ ಪ್ರಯಾಣ ಸಿಕ್ಕಿತು. ಸಿಕ್ಕಿದ ಕಾರಣವೇ ಮಾವಿಸಳನ್ನು ಹೊರಗಿಟ್ಟಿತು. ಕವಲುದಾರಿ ದಾಟಿದ್ದು ಕೂಡ ಅವನಿಗೆ ತಿಳಿಯಲಿಲ್ಲ.

ಮಾವಿಸ್ ಊಟದ ಮೇಜಿನಲ್ಲಿ ಎಲ್ಲ ಕೇಳಿಸಿಕೊಂಡಳು.

"ನೀರಿನ ಡಬ್ಬಿ ಖಾಲಿ ಮಾಡಿದೆಯಾ? ನೀನು?"

"ಹೌದು."

"ನನಗೋಸ್ಕರ?"

"ಮತ್ತೆ ಆರ್ನಲ್ಡ್‌ಗೋಸ್ಕರ ಮಾಡ್ತೀನಾ?"

ಅವಳು ಆಲೂಗಡ್ಡೆ ಬಡಿಸಿದಳು. "ಒಂದು ತಿಂಗಳ ತೆರಿಗೆ ಕಟ್ಟಿಬಿಟ್ರೆ ಈ ನಾಟಕ ಯಾವ್ದೂ ಬೇಡ ಅಂತ ಗೊತ್ತು ತಾನೇ?"

"ಹತ್ತು ಜನರ ಮುಂದೆ ಆಡಿದ ಮಾತು ಮಾವಿಸ್."

"ಅದರಲ್ಲಿ ನಾಲ್ಕು ಜನ ಸತ್ತೇ ಹೋಗಿದಾರೆ."

"ಆರ್ನಲ್ಡ್ ಬದುಕಿದಾನಲ್ಲ."

ಮಾವಿಸ್ ನಕ್ಕಳು. "ಹೋಗ್ತಾ ತಾನೇ ಬೆಲ್ಟಿರಲ್ಲ? ಬರ್ತಾ ಇರತ್ತಲ್ಲ. ನೀನು ಕಾರಲ್ಲಿ ಹೋಗು. ನಾನು ರೈಲಲ್ಲಿ ಬರ್ತೀನಿ."

ಗುರುವಾರ ಅವಳು ಲೀಡ್ಸ್‌ನಲ್ಲಿ ರೈಲು ಬದಲಿಸಿ, ಗಾರ್ಸ್‌ಡೇಲ್‌ನಲ್ಲಿಳಿದು, ಊರಿನ ಚಿಕ್ಕ ಬಸ್ಸು ಹಿಡಿದು ಗ್ಯಾರೇಜಿಗೆ ಬರುವಾಗ ಹೊಸ ಬೆಲ್ಟು ಕೂತಾಗಿತ್ತು. ಜಾನೆಟ್ ಅವಳಿಗೆ ಚಹಾ ಕೊಟ್ಟು, ಕಾರಿಗೆ ಪಾಸು ಬರೆದಳು. ಸೀಟಿನ ಮೇಲೆ ದಿಂಬಿಟ್ಟು, ಮೊದಲು ಕುಳಿತು ಆಮೇಲೆ ಎರಡು ಕಾಲನ್ನೂ ಒಟ್ಟಿಗೆ ಒಳಗೆ ತಿರುಗಿಸಿಕೊಳ್ಳುವುದನ್ನು ಆಸ್ಪತ್ರೆಯವರು ಕಲಿಸಿದ್ದರು. ಹೆಡ್ಲಿ ಬಾಗಿಲು ಹಿಡಿದು ನಿಂತಿದ್ದ.

"ಸೇರ್ಕೊಂಡ್ಯಾ?"

"ಸೇರ್ಕೊಂಡೆ. ಹೊರಗೆ ತೆಗೆಯೋಕೆ ಕ್ರೇನು ಹೇಳಿಟ್ಟಿರು."

ಎಂಜಿನ್ ಗುಡುಗಿತು. ಗೇಲ್ ಹಳ್ಳಿ ದಾಟಿ ಏರು ಶುರುವಾದಾಗ ಮಾವಿಸ್ ಕಿಟಕಿ ಇಳಿಸಿದಳು. ಹುಲ್ಲಿನ ವಾಸನೆ, ಕುರಿಯ ವಾಸನೆ, ಬಿಸಿ ಎಣ್ಣೆಯ ವಾಸನೆ. ಮೇಲಿನ ಬಯಲಿಗೆ ಬಂದಾಗ ಎಡಗಡೆಗೆ ಕೈಮರ ಕಂಡಿತು. ಹೆಡ್ಲಿಯ ಕಾಲು ಎಂದಿನಂತೆ ಸಡಿಲವಾಯಿತು.

"ಅದೇನಾ ನಿನ್ನ ದಾರಿ?"

"ಅದೇ."

"ತಿರುಗಿಸು ಮತ್ತೆ."

"ಮನೆಗೆ ನೇರ ಹೋಗಬೇಕು ಮಾವಿಸ್. ನಿಯಮ."

ಅವಳು ಕೈಚೀಲದಿಂದ ಫೋನು ತೆಗೆದು ಅವನಿಗೆ ಕಾಣುವಂತೆ ಹಿಡಿದಳು. ಹೆಡ್ಲಿ ಬದಿಗೆ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ಓದಿದ. ಅಂದು ಬೆಳಗ್ಗೆ ಮಾವಿಸಳ ಖಾತೆಯಿಂದ ತೆರಿಗೆಯ ತಿಂಗಳ ಕಂತಿಗೆ ಒಪ್ಪಿಗೆ ಹೋಗಿತ್ತು. ಕಾರಿಗೆ ಈಗ ತೆರಿಗೆ ಕಟ್ಟಿಯಾಗಿತ್ತು, ಯಾವ ದಾರಿಗಾದರೂ ತಿರುಗಬಹುದಿತ್ತು.

"ನೀನು ಕಟ್ಟಲ್ಲ ಅಂದಿದ್ದೆ. ನಾನು ಯಾರಿಗೂ ಏನೂ ಅಂದಿರ್ಲಿಲ್ಲ," ಎಂದಳು.

"ವಿಮೆ ಇವತ್ತಿಗೆ ಮಾತ್ರ ಇದೆ," ಎಂದ ಹೆಡ್ಲಿ.

"ಇವತ್ತಿನ್ನೂ ಮುಗಿದಿಲ್ವಲ್ಲ. ಎಲ್ಲಿಗೆ ಹೋಗತ್ತೆ ಈ ದಾರಿ?"

"ಗೊತ್ತಿಲ್ಲ," ಎಂದು ಹೆಡ್ಲಿ ಎಡಗಡೆಯ ಸೂಚಕ ದೀಪ ಹಾಕಿದ. ಹಿಂದೆ ಮುಂದೆ ಯಾವ ಗಾಡಿಯೂ ಇರಲಿಲ್ಲ. ಆದರೂ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು, ಸ್ಟಿಯರಿಂಗ್ ತಿರುಗಿಸಿದ.