ಹನಿ ನಿಲ್ಲುವ ತನಕ

ಕೊಟ್ಟೂರಿನ ಪಿಂಜಾರರ ಮನೆಯ ಸೊಸೆ ಹೊನ್ನೂರಮ್ಮನಿಗೆ ಹತ್ತಿಯ ಕೆಲಸ ನೀರು ಕುಡಿದಷ್ಟು ಸುಲಭ. ಗಂಟುಗಟ್ಟಿದ ಗಾದಿ ಬಿಚ್ಚಿ, ಹಿಂಜಿ, ತುಂಬಿ ಹೊಲಿದಳೆಂದರೆ ಹೊಸದೋ ಹಳೆಯದೋ ಎಂದು ಕೇಳಿಯೇ ತಿಳಿಯಬೇಕು. ಆದರೆ ಉಣ್ಣೆಯ ಮುಂದೆ ಆಕೆಯ ಆಟ ನಡೆಯಲಿಲ್ಲ.

೧೯೯೮ರ ಚಳಿಗಾಲದಲ್ಲೇ ರಂಜಾನ್ ಬಂದಿತ್ತು. ಅತ್ತೆ ಪೀರಮ್ಮ ಜ್ವರದ ಮಂಪರಿನಲ್ಲಿ ಹಾಸಿದ ಕಂಬಳಿಯಲ್ಲೇ ಉಚ್ಚೆ ಹೊಯ್ದುಕೊಂಡಳು. ಜ್ವರ ಬಿಟ್ಟಿತು, ನಾಚಿಕೆ ಬಿಡಲಿಲ್ಲ. ಅದು ತೀರಿಹೋದ ಗಂಡ ನೇಯಿಸಿಕೊಟ್ಟ ಕಂಬಳಿ. ಬೇರೆ ಹಾಸಿಗೆ ಕೊಟ್ಟರೆ ಮುಟ್ಟಲೊಲ್ಲಳು.

“ದೂರ ಸರಿ. ಕಂಬಳಿ ನಾಪಾಕ್ ಆಗೇತಿ, ನಾನೂ ಹಂಗ ಅದೀನಿ. ಅದು ಪಾಕ್ ಆಗಾಮಟ ನನಗ ನಮಾಜಿಲ್ಲ,” ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಇಡೀ ಓಣಿಯನ್ನೇ ಗದರುತ್ತಿದ್ದ ಮುದುಕಿ ಹೀಗೆ ಮೆತ್ತಗಾದದ್ದು ಕಂಡು ಹೊನ್ನೂರಮ್ಮ ಕಂಬಳಿ ಹೊತ್ತು ತೊಳೆಯಲು ಹೊರಟಳು.

ಮೂರು ಸಲ ತೊಳೆದು, ಪ್ರತಿ ಸಲವೂ ಹನಿ ಉಳಿಯದಂತೆ ಹಿಂಡಿದರೆ ಬಟ್ಟೆ ಪಾಕ್, ಅಂದರೆ ಶುದ್ಧ, ಎಂದು ಆಕೆ ಚಿಕ್ಕಂದಿನಲ್ಲೇ ಕಲಿತಿದ್ದಳು. ದಿಂಬಿನ ಗಲೀಪಿಗೆ ಅದು ಸರಿಯೇ. ನೀರು ಕುಡಿದ ಕಂಬಳಿ ಮಾತ್ರ ಎಮ್ಮೆ ಕರುವಿನಷ್ಟು ಭಾರ. ಪಕ್ಕದ ಮನೆಯವರ ಬಾವಿಕಟ್ಟೆಯ ಮೇಲೆ ಎಷ್ಟು ಹಿಂಡಿದರೂ ಇನ್ನೊಂದು ಹನಿ ಬರುತ್ತಲೇ ಇತ್ತು.

ಆ ಮನೆಯ ಭರಮಮ್ಮ ಕುರಿ ಸಾಕುವವಳು, ಗಂಡ ಕಂಬಳಿ ನೇಯುವವನು. ನೋಡಿದವಳೇ ಕೂಗಿದಳು: “ಏ ಹೊನ್ನೂರಿ, ಅದನ್ನೇನು ಕೋಳಿ ಕುತ್ತಿಗಿ ಅಂತ ಮಾಡಿಯೇನ? ಕಂಬಳಿ ಹಿಂಡಬಾರದು, ಕುಗ್ಗಿ ಕೆಡತೈತಿ. ನೇತಾಕು, ಹನಿ ನಿಲ್ಲಾಮಟ ತಾನ ಇಳೀಲಿ.”

“ಹಿಂಡದಿದ್ರ ಪಾಕ್ ಆಗಂಗಿಲ್ಲಕ್ಕಾ,” ಎನ್ನುತ್ತ ಹೊನ್ನೂರಮ್ಮ ಅತ್ತುಬಿಟ್ಟಳು.

“ಅಳಬ್ಯಾಡ. ಹೋಗಿ ನಿಮ್ಮ ಹಜರತ್ರನ್ನ ಕೇಳ್ಕೊಂಡು ಬಾ.”

ಮಸೀದಿಯ ಹಜರತ್ರು ಎಲ್ಲ ಕೇಳಿ ನಕ್ಕರು. “ಭರಮಮ್ಮ ಹೇಳಿದ್ದು ಖರೆ ಐತಿ ತಾಯಿ. ಹಿಂಡಾಕ ಬರದಿದ್ದನ್ನ ತೊಳದು, ಹನಿ ನಿಲ್ಲಾಮಟ ಬಿಡಬೇಕು. ಮತ್ತ ತೊಳೀಬೇಕು. ಹಿಂಗ ಮೂರು ಸಲ. ಕೈಲಾಗದ್ದನ್ನ ಅಲ್ಲಾ ಕೇಳಂಗಿಲ್ಲ.”

ಅವತ್ತು ಭರಮಮ್ಮ ತನ್ನ ಕುರಿಗಳನ್ನು ಹಟ್ಟಿಯಲ್ಲೇ ಬಿಟ್ಟು ನೀರು ಸೇದಿದಳು. ಬೇವಿನ ಕೊಂಬೆಗೆ ಕಂಬಳಿ ಏರಿಸುವುದು, ಹನಿ ನಿಂತಿತೇ ಎಂದು ಇಬ್ಬರೂ ಕೆಳಗೆ ಕೂತು ನೋಡುವುದು, ಮತ್ತೆ ಇಳಿಸುವುದು. ಮೂರನೆಯ ಸಲ ಏರಿಸುವಷ್ಟರಲ್ಲಿ ಹೊತ್ತು ಮುಳುಗಿತು. ಉಪವಾಸವಿದ್ದ ಹೊನ್ನೂರಮ್ಮನ ರೋಜಾ ಬಿಡಿಸಿದ್ದೂ ಭರಮಮ್ಮನ ಮನೆಯ ಬೆಲ್ಲವೇ.

ಒಣಗಿದ ಕಂಬಳಿಯನ್ನು ಹಾಸಿದಾಗ ಪೀರಮ್ಮ ಅದರ ಮೇಲೆ ಕೈಯಾಡಿಸಿದಳು, ಮೂಸಿದಳು. ಮಿಂದು, ಕೈಕಾಲು ಮುಖ ತೊಳೆದು ವಜೂ ಮಾಡಿ ಕೂತವಳು ಕಂಬಳಿಯ ಇನ್ನೊಂದು ತುದಿಯನ್ನು ತಟ್ಟಿದಳು.

“ಬಾ, ಇಲ್ಲೇ ನನ್ನ ಮಗ್ಗಲಿಗೆ ನಿಂದ್ರು.”

ನಮಾಜು ಮುಗಿಸಿ ಮುದುಕಿ ಕೈಯೆತ್ತಿದಳು. “ಅಲ್ಲಾ, ಭರಮಮ್ಮನ ಬಾವಿ ಬತ್ತದಿರಲಿ, ಕುರಿ ಹೆಚ್ಚಲಿ. ನಮ್ಮ ಹೊನ್ನೂರಮ್ಮನ ಹೊಟ್ಟಿ ತಣ್ಣಗಿರಲಿ.”

ಮದುವೆಯಾಗಿ ಬಂದಾಗಿನಿಂದ ಅತ್ತೆ ಆಕೆಯನ್ನು ಕರೆದದ್ದೆಲ್ಲ “ಏ ಇಕಿ” ಎಂದೇ. ಆ ಬಾಯಲ್ಲಿ ತನ್ನ ಹೆಸರು ಕೇಳಿದ ಹೊನ್ನೂರಮ್ಮನಿಗೆ ಆಮೀನ್ ಎನ್ನುವುದೇ ಮರೆತುಹೋಯಿತು.